ಮಂಗಳವಾರ, ಶುಕ್ರವಾರವೇ ಕೆಡುವ ಬ್ಯಾಕಪ್

"ಅಕ್ಕಾರ, ಸೋಮವಾರದಿಂದ ನನಗ ಕೆಲಸ ಇಲ್ರಿ. ಡಾಕ್ಟರ್ ಸಾಹೇಬ್ರು ಬ್ಯಾಡಂದ್ರು."

ಕಳೆದ ಗುರುವಾರ ಬೆಳಿಗ್ಗೆ ಫೋನಿನಲ್ಲಿ ಮಹಾದೇವಿ. ನನ್ನ ಕೈ ತುಂಬ ಹಿಟ್ಟು, ಹಂಚಿನ ಮೇಲೆ ರೊಟ್ಟಿ. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಯಾಕಂತ ಎಂದು ಕೇಳಿದೆ.

"ನೀವು ಕಳಿಸಿದ ಟೈಮಿಂಗ್ ನೋಡಿ ಅಂದ್ರಿ."

ರೊಟ್ಟಿ ಸೀದುಹೋಯಿತು. ನಾನು ಕಳಿಸಿದ್ದೇ? ಒಬ್ಬಳ ಕೆಲಸ ಹೋಗಲು ನಾನು ಕಾರಣವೇ? ಆ ಹೊತ್ತಿನಲ್ಲಿ ನನ್ನ ಮೇಲೆ ನನಗೆ ಬಂದ ಸಿಟ್ಟನ್ನು ಮನೆಯವರ ಮೇಲೆ ತೀರಿಸಿಕೊಂಡೆ. (ಅವರು ಸೀದ ರೊಟ್ಟಿಯನ್ನೇ ತಿಂದು, ಚೆನ್ನಾಗಿದೆ ಎಂದು ಹೇಳಿ ಪಾಠ ಮಾಡಲು ಶಾಲೆಗೆ ಹೋದರು. ಅನುಭವಸ್ಥರು.)

ಹೊಸ ಓದುಗರಿಗಾಗಿ ಎರಡು ಮಾತು. ಈ ಅಂಕಣ ಬರೆಯುವುದು ನನ್ನ ಚಟ, ಹೊಟ್ಟೆ ತುಂಬಿಸುವುದು ಕಂಪ್ಯೂಟರ್. ಯಾದಗಿರಿಯಲ್ಲಿದ್ದುಕೊಂಡು ಸುತ್ತಲಿನ ಅಂಗಡಿ, ಶಾಲೆ, ದವಾಖಾನೆಗಳ ಕಂಪ್ಯೂಟರುಗಳನ್ನೂ ಅವುಗಳೊಳಗಿನ ಮಾಹಿತಿಯನ್ನೂ ಕಾಯುತ್ತೇನೆ. ಹೆಂಗಸರು ಕಂಪ್ಯೂಟರ್ ಬಿಚ್ಚುತ್ತಾರಾ ಎಂದು ಬೆರಗಾಗುವವರು ಈಗ ಕಡಿಮೆ. (ಪೂರ್ತಿ ಇಲ್ಲವೆಂದಲ್ಲ.)

ಶಹಾಪುರದಲ್ಲಿ ಆ ಡಾಕ್ಟರು ನಡೆಸುವ ರಕ್ತ ಪರೀಕ್ಷೆಯ ಒಂದು ಲ್ಯಾಬ್ ಇದೆ. ಹೆಸರು ಬೇಡ. ಅದಕ್ಕೆ ಯಾದಗಿರಿಯಲ್ಲೊಂದು, ಸುರಪುರದಲ್ಲೊಂದು ಚಿಕ್ಕ ಶಾಖೆ. ಮಹಾದೇವಿ ಶಹಾಪುರದ ಲ್ಯಾಬಿನಲ್ಲಿ ಕಂಪ್ಯೂಟರ್ ಆಪರೇಟರ್. ಸುರಪುರದ ಹತ್ತಿರದ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಾಳೆ. ಗಂಡನದು ಕೂಲಿ, ಕೆಲಸ ಸಿಕ್ಕ ದಿನ ಉಂಟು, ಇಲ್ಲದ ದಿನ ಇಲ್ಲ. ಇಬ್ಬರು ಹೆಣ್ಣುಮಕ್ಕಳು ಶಾಲೆಗೆ ಹೋಗುತ್ತಾರೆ. ಆ ಮನೆಗೆ ತಿಂಗಳು ತಪ್ಪದೆ ಬರುವ ಸಂಬಳ ಅಂದರೆ ಇವಳದೊಂದೇ. ಅದೀಗ ನಿಲ್ಲುವುದರಲ್ಲಿತ್ತು.

ಯಾಕೆ ಅಂದರೆ, ಬ್ಯಾಕಪ್.

ಲ್ಯಾಬಿನ ಡೇಟಾಬೇಸ್ ಎಂದರೆ ಊರಿನ ಅರ್ಧ ಜನರ ರಕ್ತದ ಜಾತಕ. ಯಾರ ಶುಗರ್ ಎಷ್ಟಿತ್ತು, ಯಾರ ಕಿಡ್ನಿ ಹೇಗಿತ್ತು, ಯಾವ ಬಾಣಂತಿಗೆ ರಕ್ತ ಎಷ್ಟು ಕಡಿಮೆ ಇತ್ತು, ಎಲ್ಲ ಅದರಲ್ಲಿದೆ. ಕಂಪ್ಯೂಟರ್ ಕೈಕೊಟ್ಟರೆ ಎಲ್ಲ ಹೋಯಿತು. ಅದಕ್ಕೇ ದಿನಾ ಲ್ಯಾಬ್ ಮುಚ್ಚಿದ ಮೇಲೆ ಮಹಾದೇವಿ ಪೂರ್ತಿ ಡೇಟಾಬೇಸಿನ ನಕಲನ್ನು ಅಂಗೈ ಅಗಲದ ಒಂದು ಹಾರ್ಡ್‌ಡಿಸ್ಕಿಗೆ ಇಳಿಸಬೇಕು. ಆಮೇಲೆ ಆ ಡಿಸ್ಕ್ ಭೀಮರಾಯನಗುಡಿಯಲ್ಲಿರುವ ಡಾಕ್ಟರ ಮನೆಗೆ ಹೋಗಬೇಕು, ಬೆಳಿಗ್ಗೆ ಲ್ಯಾಬಿಗೆ ಮರಳಬೇಕು. ಲ್ಯಾಬಿಗೆ ಬೆಂಕಿಯೇ ಬೀಳಲಿ, ನಕಲು ಬೇರೆ ಊರಲ್ಲಿ ಸುರಕ್ಷಿತ. ಇದು ನಾನೇ ಹಾಕಿಕೊಟ್ಟ ಪದ್ಧತಿ. (ಇಂಟರ್‌ನೆಟ್ಟಿನಲ್ಲಿ ಕಳಿಸಬಾರದೇ ಎಂದು ಕೇಳಬೇಡಿ. ಆ ಲೈನಿನಲ್ಲಿ ಮೊಮ್ಮಗುವಿನ ಒಂದು ಫೋಟೊ ಹೋಗಲಿಕ್ಕೇ ಏದುಸಿರು.)

ದೀಪಾವಳಿಯ ತನಕ ಎಲ್ಲ ಸುಸೂತ್ರ. ಬ್ಯಾಕಪ್ ಹಚ್ಚಿ ಒಂದು ಕಪ್ ಚಹಾ ಕುಡಿದು ಬರುವಷ್ಟರಲ್ಲಿ ಮುಗಿದಿರುತ್ತಿತ್ತು. ದೀಪಾವಳಿ ಆದ ಮೇಲೆ ಶುರುವಾಯಿತು ನೋಡಿ ಕಾಟ. ಕೆಲವು ದಿನ ಬ್ಯಾಕಪ್ ತೆವಳುತ್ತದೆ, ಮುಗಿಯುವುದೇ ಇಲ್ಲ. ಕೆಲವು ದಿನ ಎಂದಿನಂತೆ ಚುರುಕು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ವಾರಕ್ಕೊಮ್ಮೆ ಹಳೆಯ ನಕಲುಗಳನ್ನು ತೆರೆದು ನೋಡುವುದು ನನ್ನ ರೂಢಿ. ತೆರೆದರೆ ಕೆಲವು ಫೈಲು ಬಾಯೇ ಬಿಡುವುದಿಲ್ಲ. ಬಿಟ್ಟವುಗಳಲ್ಲೂ ಒಬ್ಬರ ಹೆಸರಿದೆ, ಶುಗರ್ ಇಲ್ಲ. ಇನ್ನೊಬ್ಬರ ಶುಗರ್ ಇದೆ, ಹೆಸರೇ ಇಲ್ಲ. ಇಂಥ ನಕಲನ್ನು ನಂಬಿ ಕೂತರೆ ಯಾರ ಗತಿ ಏನು?

ನಾನು ಸುಮ್ಮನೆ ಕೂರಲಿಲ್ಲ. ಕೇಬಲ್ ಬದಲಿಸಿದೆ. ವೈರಸ್ ಹುಡುಕಿದೆ. ವಿದ್ಯುತ್ ಏರುಪೇರು ಇರಬಹುದೆಂದು ಯುಪಿಎಸ್ ಬದಲಿಸಿದೆ. ಡಿಸ್ಕನ್ನೇ ಹೊಸದು ತರಿಸಿದೆ. ಹಳೆಯ ಡಿಸ್ಕಿನ ಮೇಲೆ ಒಂದು ಕುಂಕುಮದ ಬೊಟ್ಟಿತ್ತು. ಮುಂದಿನ ವಾರ ಹೋದಾಗ ಹೊಸದರ ಮೇಲೂ ಒಂದು ಬೊಟ್ಟು ಬಂದು ಕೂತಿತ್ತು. ನಕ್ಕು ಸುಮ್ಮನಾದೆ. ನಮ್ಮ ಕಡೆ ಕುಂಕುಮ ಕಾಣದ ಯಂತ್ರ ಯಾವುದಿದೆ? ನನ್ನ ಸ್ಕೂಟಿಗೂ ಇದೆ.

ಕೊನೆಗೆ ಲಾಗ್ ತೆಗೆದೆ. ಅಂದರೆ, ಬ್ಯಾಕಪ್ ಯಾವ ದಿನ ಎಷ್ಟು ಹೊತ್ತಿಗೆ ಶುರುವಾಯಿತು, ಎಲ್ಲಿ ನಿಂತಿತು ಎಂದು ಕಂಪ್ಯೂಟರ್ ತಾನೇ ಬರೆದಿಟ್ಟುಕೊಳ್ಳುವ ಟಿಪ್ಪಣಿ. ನೋಡಿದರೆ ವಿಚಿತ್ರ. ಕೆಟ್ಟ ಫೈಲುಗಳೆಲ್ಲ ಮಂಗಳವಾರದವು, ಇಲ್ಲವೇ ಶುಕ್ರವಾರದವು. ಆ ಎರಡು ದಿನ ಮಾತ್ರ ಬ್ಯಾಕಪ್ ಲ್ಯಾಬ್ ಮುಚ್ಚುವ ಎಷ್ಟೋ ಮೊದಲೇ ಶುರುವಾಗಿದೆ, ಮುಗಿಯುವ ಮೊದಲೇ ನಿಂತಿದೆ. ಅದನ್ನು ಹಾಗೆಯೇ ಡಾಕ್ಟರಿಗೆ ಕಳಿಸಿದೆ. ನೋಡೋಣ ಸಾಹೇಬ್ರ, ಏನಿರಬಹುದು ಎಂದು ಒಂದು ಸಾಲು ಬರೆದೆ.

ಡಾಕ್ಟರು ನೋಡಿದರು. ನಾನು ಕೇಳಿದ ಪ್ರಶ್ನೆಗೆ ಅವರೇ ಉತ್ತರ ಬರೆದುಕೊಂಡರು.

ಗುರುವಾರವೇ ಅವರಿಗೆ ಫೋನ್ ಮಾಡಿದೆ. ಒಳ್ಳೆಯ ಮನುಷ್ಯರು, ಮಾತು ಮಾತ್ರ ಕತ್ತರಿಸಿದಂತೆ.

"ಲಾಗಿನಾಗ ಖುಲ್ಲಾ ಕಾಣ್ತದಲ್ರಿ ಮೇಡಂ. ದೀಪಾವಳಿ ಆದ ಮ್ಯಾಲೆ ನಾ ಸಂಜಿ ಮುಂದ ಯಾದಗಿರಿ ಶಾಖೆದಾಗ ಕುಂದರ್ತೀನಿ. ಇಲ್ಲಿ ಕೇಳೋರಿಲ್ಲ. ಸುರಪುರ ಬಸ್ ಹಿಡಿಯಾಕ ಆಕಿ ಜಲ್ದಿ ಹಚ್ಚಿ, ಅರ್ಧಕ್ಕ ಬಿಟ್ಟು ಹೊಂಟುಬಿಡ್ತಾಳ."

"ವಾರದಾಗ ಎರಡ ದಿನ ಮಾತ್ರ ಬಸ್ ಹಿಡೀತಾಳೇನ್ರಿ?"

"ಅದನ್ನ ಆಕಿನ್ನ ಕೇಳ್ರಿ."

"ನೀವು ಕೇಳಿದ್ರೇನು?"

"ಯಾಕ ಫೇಲ್ ಆಗಾಕತ್ತದ ಅಂತ ಕೇಳಿದೆ. ಗೊತ್ತಿಲ್ರಿ ಅಂದ್ಲು. ಗೊತ್ತಿಲ್ದವರನ್ನ ಇಟ್ಕೊಂಡು ಏನ್ ಮಾಡ್ಲಿ?"

ಒಂದು ದಿನ ತಡೆಯಿರಿ, ನಾಳೆ ಶುಕ್ರವಾರ, ನಾನೇ ಬಂದು ಕೂತು ನೋಡುತ್ತೇನೆ ಎಂದೆ. ಬಂದು ನೋಡ್ರಿ, ಶನಿವಾರ ಆಕೀದು ಕೊನೀ ದಿವಸ ಎಂದರು. ಬೇರೆ ಹುಡುಗಿಗೆ ಮಾತು ಕೊಟ್ಟೂ ಆಗಿತ್ತಂತೆ.

ನಿಜ ಹೇಳುತ್ತೇನೆ, ಶಹಾಪುರದ ಬಸ್ಸಿನಲ್ಲಿ ಕೂತಾಗ ನನಗೂ ಅನುಮಾನ. ಮಹಾದೇವಿ ಖರೇನೇ ಬಸ್ಸಿಗಾಗಿ ಓಡುತ್ತಿದ್ದರೆ? ಮನೆಯಲ್ಲಿ ಇಬ್ಬರು ಮಕ್ಕಳು, ಚಳಿಗಾಲ, ಬೇಗ ಕತ್ತಲಾಗುತ್ತದೆ. ಓಡಿದರೆ ತಪ್ಪೆನ್ನುವುದಾದರೂ ಹೇಗೆ? ಆದರೆ ಲಾಗ್ ಮುಂದೆ ಇಂಥ ಮಾತು ನಡೆಯುವುದಿಲ್ಲ.

ಮಧ್ಯಾಹ್ನದ ಊಟದ ಹೊತ್ತಿಗೆ ಲ್ಯಾಬಿಗೆ ಹೋಗಿ ಮಹಾದೇವಿಯ ಪಕ್ಕ ಒಂದು ಸ್ಟೂಲ್ ಹಾಕಿಕೊಂಡು ಕೂತೆ. ಅಳು ಮುಗಿಸಿ ಬಂದ ಮುಖ. ಕೆಲಸ ಮಾತ್ರ ಒಂದೇ ಸಮನೆ ನಡೆದಿತ್ತು. ಜನ ಬರುತ್ತಿದ್ದರು, ಹೆಸರು ಹೇಳುತ್ತಿದ್ದರು, ತೋಳು ಚಾಚುತ್ತಿದ್ದರು. ಪ್ರಿಂಟರ್ ಕರಕರ ಎನ್ನುತ್ತಿತ್ತು.

ಸ್ವಲ್ಪ ಹೊತ್ತಿಗೆ ಆಟೊ ಬಂದು ನಿಂತಿತು. ಡಾಕ್ಟರ ತಾಯಿ ಇಳಿದರು. ಎಲ್ಲರೂ ಆಯಿ ಎನ್ನುತ್ತಾರೆ. ಇಳಕಲ್ ಸೀರೆ, ಹಣೆ ತುಂಬ ವಿಭೂತಿ, ಕೈಯಲ್ಲಿ ಎಣ್ಣೆ ಬತ್ತಿಯ ಚೀಲ. ಮಂಗಳವಾರ, ಶುಕ್ರವಾರ ಲ್ಯಾಬಿಗೆ ಬಂದು ಲಕ್ಷ್ಮಿ ಫೋಟೊಗೆ ಹೂ ಹಾಕಿ, ಸಂಜೆ ದೀಪ ಹಚ್ಚಿ, ಲ್ಯಾಬ್ ಮುಚ್ಚಿದ ಮೇಲೆ ಅದೇ ಆಟೊದಲ್ಲಿ ಮನೆಗೆ ಹೋಗುವುದು ಅವರ ನೇಮ. ಆಟೊ ಓಡಿಸುವವರು ಖಾಜಾಭಾಯ್, ಆ ಮನೆಗೆ ಬಹಳ ಕಾಲದಿಂದ ಬೇಕಾದವರು.

ಬಿಸಿಲು ಇನ್ನೂ ಬಾಗಿಲಲ್ಲೇ ಇತ್ತು. ಎದುರಿನ ಬೆಂಚಿನ ತುಂಬ ಜನ. ಮಹಾದೇವಿ ಡಿಸ್ಕ್ ಸಿಕ್ಕಿಸಿ ಬ್ಯಾಕಪ್ ಹಚ್ಚಿಯೇಬಿಟ್ಟಳು!

"ಈಗ್ಯಾಕ ಹಚ್ಚಿದಿ? ಇನ್ನೂ ಮಂದಿ ಕುಂತಾರಲ್ಲ!"

ಅವಳು ನನ್ನ ಮುಖ ನೋಡಿದಳು. ಇದೆಂಥ ಪ್ರಶ್ನೆ ಎಂಬಂತೆ.

"ಇವತ್ತ ಶುಕ್ರವಾರ ಅಲ್ರಿ ಅಕ್ಕಾರ."

ಅಷ್ಟೇ. ಮುಂದೆ ವಿವರಣೆ ಇಲ್ಲ. ಅವಳ ಪಾಲಿಗೆ ಅದು ಪೂರ್ತಿ ಉತ್ತರ. ನಾನು ಬಾಯಿ ತೆರೆಯುವಷ್ಟರಲ್ಲಿ ಖಾಜಾಭಾಯ್ ಒಳಗೆ ಇಣುಕಿ ಡಿಸ್ಕಿನ ಕಡೆ ಕೈ ತೋರಿಸಿದರು. "ಡಬ್ಬಿ ತಯಾರ ಆತೇನ್ರಿ?"

"ಆಯಿ ಇಲ್ಲೇ ಕುಂತಾರ, ಖಾಲಿ ಆಟೊ ತಗೊಂಡು ಎತ್ತಾಗ ಹೊಂಟೀರಿ ಭಾಯ್?" ಎಂದೆ.

"ಡಬ್ಬಿ ಮನಿಗಿ ಮುಟ್ಟಿಸಿ ವಾಪಸ್ ಬರ್ತೀನ್ರಿ ಮೇಡಂ. ಆಮ್ಯಾಲ ಅಮ್ಮಾರ್ನ ಒಯ್ತೀನಿ. ಉಳದ ದಿನ ಒಂದ ಸಲ, ಮಂಗಳವಾರ, ಶುಕ್ರವಾರ ಎರಡ ಖೇಪ್ರಿ."

ಅತ್ತ ಆಯಿ ಬತ್ತಿ ಎಣ್ಣೆಯಲ್ಲಿ ಅದ್ದುತ್ತಿದ್ದರು. ಇತ್ತ ಬ್ಯಾಕಪ್ ಎಷ್ಟಾಯಿತೆಂದು ತೋರಿಸುವ ಪರದೆಯ ಮೇಲಿನ ಹಸಿರು ಗೆರೆ ಅರ್ಧವೂ ದಾಟಿರಲಿಲ್ಲ. ಮಹಾದೇವಿ ಒಮ್ಮೆ ಬತ್ತಿಯ ಕಡೆ, ಒಮ್ಮೆ ಗೆರೆಯ ಕಡೆ ನೋಡಿದಳು. ಡಿಸ್ಕಿಗೆ ಕೈ ಹಾಕಿದಳು.

"ತಡಿ! ಇನ್ನೂ ಮುಗಿದಿಲ್ಲ!"

"ಇರಲಿ ಬಿಡ್ರಿ ಅಕ್ಕಾರ. ಉಳದದ್ದು ನಾಳೆ ಹೋಗ್ತದ."

ಆಗ ನನಗೆ ಹೊಳೆಯಿತು. ಓದುವ ನಿಮಗೆ ಅದಕ್ಕೂ ಮೊದಲೇ ಹೊಳೆದಿರುತ್ತದೆ. ಮಂಗಳವಾರ, ಶುಕ್ರವಾರ ದೀಪ ಹಚ್ಚಿದ ಮೇಲೆ ಮನೆಯಿಂದ ಏನನ್ನಾದರೂ ಹೊರಗೆ ಕೊಡುತ್ತೇವೆಯೇ? ಉಪ್ಪು ಕೊಡುತ್ತೇವೆಯೇ? ಮೊಸರು? ಸೂಜಿ? ಲಕ್ಷ್ಮಿ ಹೊರಗೆ ಹೋಗುತ್ತಾಳೆ ಎಂದು ಬಾಗಿಲಲ್ಲಿ ನಿಂತ ನೆರೆಯವರನ್ನು ನಗುನಗುತ್ತ ಬರಿಗೈಯಲ್ಲಿ ಕಳಿಸುವುದಿಲ್ಲವೇ? ಹಗಲೆಲ್ಲ ಡೇಟಾಬೇಸ್ ಎಂದು ಬಡಬಡಿಸುವ ನಾನೂ ಶುಕ್ರವಾರ ಸಂಜೆ ಯಾರಿಗೂ ಹೆಪ್ಪು ಕೊಟ್ಟವಳಲ್ಲ. ನನಗೇ ಅಷ್ಟು ಸಹಜವಾದದ್ದು ನನ್ನ ಕಣ್ಣಿಗೆ ಬೀಳುವುದಾದರೂ ಹೇಗೆ?

ಆದರೆ ಹಾರ್ಡ್‌ಡಿಸ್ಕಿಗೂ ಈ ಕಾನೂನು ಯಾವಾಗ ಬಂತು?

ಆಯಿಯ ಪಕ್ಕ ಹೋಗಿ ಕೂತೆ. ಕೇಳಿದೆ.

"ನಾ ಏನ್ ಹುಚ್ಚಿ ಅಲ್ಲ ಯವ್ವಾ," ಎಂದರು ಆಯಿ. "ದೀಪಾವಳಿ ಲಕ್ಷ್ಮೀಪೂಜಾದಾಗ ನನ್ನ ಮಗನ ಆ ಡಬ್ಬಿ ತಂದು ದೇವರ ಮುಂದ ಇಟ್ಟ. ಇದೇನೋ ತಮ್ಮಾ ಅಂದೆ. ಅವ್ವಾ, ಇಡೀ ಲ್ಯಾಬ್ ಇದರಾಗ ಅದ, ಇದ ನಮ್ಮ ಲಕ್ಷ್ಮಿ ಅಂದ. ನಾನ ಕುಂಕುಮ ಹಚ್ಚೀನಿ. ಈಗ ದೀಪ ಹಚ್ಚಿದ ಮ್ಯಾಲೆ ಆಕಿನ್ನ ಮಂದಿ ಕೈಯಾಗ ಕೊಟ್ಟು ಕಳಿಸಂದ್ರ ಹ್ಯಾಂಗ ಕಳಿಸ್ಲಿ?"

"ಮೊದಲ ಹೋಗ್ತಿತ್ತಲ್ರಿ ಆಯಿ?"

"ಮೊದಲ ನನ್ನ ಮಗ ತಾನ ಒಯ್ತಿದ್ದ. ಮನಿ ಮಗ. ಈಗ ಅವ ಯಾದಗಿರ್ಯಾಗ ಕುಂದರ್ತಾನ. ಅದಕ್ಕ ಈ ಹುಡುಗಿಗೆ ಹೇಳೀನಿ, ದೀಪ ಹಚ್ಚೂದರಾಗ ಕಳಿಸಿಬಿಡವ್ವಾ ಅಂತ."

ಬಿಡಿಬಿಡಿ ಎಳೆಗಳೆಲ್ಲ ಒಂದು ಕಡೆ ಬಂದು ಸೇರಿದವು. ದೀಪ ಹಚ್ಚುವ ಮೊದಲು ಡಿಸ್ಕ್ ಹೊರಡಬೇಕು. ಹಾಗಾಗಿ ಜನ ತುಂಬಿರುವಾಗಲೇ ಬ್ಯಾಕಪ್ ಹಚ್ಚಬೇಕು. ಡೇಟಾಬೇಸ್ ಒಂದು ಕೈಯಲ್ಲಿ ರಿಪೋರ್ಟ್ ಕೊಡುತ್ತ, ಇನ್ನೊಂದು ಕೈಯಲ್ಲಿ ನಕಲು ಬರೆಯುತ್ತ ಒದ್ದಾಡುತ್ತದೆ, ಅದಕ್ಕೇ ನಿಧಾನ. ಮದುವೆಯ ಗುಂಪು ಫೋಟೊ ತೆಗೆಯುವಾಗ ಜನ ಎದ್ದು ಓಡಾಡಿದರೆ ಕೆಲವರ ತಲೆ ಇರುತ್ತದೆ, ಕೆಲವರ ಬೆನ್ನು ಮಾತ್ರ ಇರುತ್ತದೆ. ನಕಲು ಇಳಿಯುತ್ತಿರುವಾಗಲೇ ಹೊಸ ಹೆಸರು, ಹೊಸ ಶುಗರ್ ಸೇರುತ್ತ ಹೋದರೂ ಅದೇ ಕಥೆ. ಸಾಲದ್ದಕ್ಕೆ ಮುಗಿಯುವ ಮೊದಲೇ ಡಿಸ್ಕ್ ಕಿತ್ತು ಕಳಿಸುವುದು ಬೇರೆ. ಚಳಿಗಾಲದಲ್ಲಿ ಹೊತ್ತು ಬೇಗ ಮುಳುಗುತ್ತದೆ, ಹಾಗಾಗಿ ಡಿಸ್ಕ್ ಕೀಳುವುದೂ ದಿನದಿಂದ ದಿನಕ್ಕೆ ಬೇಗ. ನಾನು ಯುಪಿಎಸ್ ಬದಲಿಸುತ್ತ ಕೂತಿದ್ದೆ!

ಈಗ ನನ್ನ ಜಾಣತನ ತೋರಿಸುವ ಹೊತ್ತು ಬಂತೆಂದುಕೊಂಡೆ.

"ಆಯಿ, ಇದು ಬರೇ ನಕಲ್ರಿ. ಅಸಲು ಇಲ್ಲೇ ಕಂಪ್ಯೂಟರಿನಾಗ ಇರ್ತದ. ನಕಲು ಹೋದ್ರ ಏನೂ ಕಡಿಮಿ ಆಗೂದಿಲ್ಲ."

ಆಯಿ ನನ್ನನ್ನು ಕನಿಕರದಿಂದ ನೋಡಿದರು. "ಹೆಪ್ಪು ಕೊಟ್ರ ಮೊಸರು ಕಡಿಮಿ ಆಗ್ತದೇನು? ಆದ್ರೂ ಕೊಡ್ತೀಯೇನು ನೀ?"

ಇನ್ನೊಂದು ಬಾಣ ಬಿಟ್ಟೆ. "ದೀಪ ಹಚ್ಚಿದ ಮ್ಯಾಲೂ ಮಂದಿ ರಿಪೋರ್ಟ್ ಒಯ್ತಾರಲ್ರಿ?"

"ಅವರ ರಕ್ತ, ಅವರ ರಿಪೋರ್ಟ್. ಅವರದ್ದು ಅವರು ಒಯ್ತಾರ. ನಮ್ದೇನು ಹೋತು?"

(ಇಂಥವರು ವಕೀಲರಾಗದೆ ಉಳಿದದ್ದು ಎದುರು ಪಾರ್ಟಿಯವರ ಪುಣ್ಯ.)

ಬೇಕಿದ್ದರೆ ಡಿಸ್ಕ್ ರಾತ್ರಿ ಇಲ್ಲೇ ಇರಲಿ, ಬೆಳಿಗ್ಗೆ ಹೋಗಲಿ ಎಂದರು ಆಯಿ. ಅದಕ್ಕೆ ನಾನು ಒಪ್ಪಲಿಲ್ಲ. ಅಸಲು, ನಕಲು ಎರಡೂ ಒಂದೇ ಸೂರಿನಡಿ ಇದ್ದರೆ ನಕಲು ಯಾಕೆ ಬೇಕು? ಕಳ್ಳ ಬಂದರೆ ಎರಡನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗುತ್ತಾನೆ ಎಂದೆ. ಆ ಮಾತು ಆಯಿಗೆ ನಾಟಿತು. ಬತ್ತಿ ತಿರುವುತ್ತ ಕೂತರು. ಖಾಜಾಭಾಯ್ ಬಾಗಿಲಲ್ಲಿ, ಮಹಾದೇವಿ ಡಿಸ್ಕಿನ ಮೇಲೆ ಕೈ ಇಟ್ಟುಕೊಂಡು, ನಾನು ಉಗುರು ಕಚ್ಚಿಕೊಂಡು, ಎಲ್ಲರೂ ಆಯಿಯ ಬಾಯಿಯನ್ನೇ ನೋಡುತ್ತ ನಿಂತೆವು.

"ನನ್ನ ಕೈಯಾಗ ಕೊಡ್ರಿ," ಎಂದರು ಆಯಿ.

"ಏನ್ರಿ?"

"ನಾ ಮನಿ ಹಿರೇಮನುಷ್ಯಾಳು. ನಾ ಉಡಿಯಾಗ ಹಾಕ್ಕೊಂಡು ಮನಿಗೆ ಹೋದ್ರ ಹೊರಗ ಕೊಟ್ಟಂಗ ಹ್ಯಾಂಗ ಆಗ್ತದ? ನಮ್ಮ ಲಕ್ಷ್ಮಿ ನಮ್ಮ ಮನಿಗೆ ಹೊಂಟಂಗ. ನೀವು ಸಾವಕಾಶ ಮುಗಸ್ರಿ. ನಾ ಕುಂದರ್ತೀನಿ."

ಅದೇ ಆಟೊ, ಅದೇ ದಾರಿ, ಅದೇ ಡಿಸ್ಕ್. ಕೂರುವ ಜಾಗ ಮಾತ್ರ ಬೇರೆ. ಒಂದು ಖೇಪು ಉಳಿಯಿತೆಂದು ಖಾಜಾಭಾಯಿಗೂ ಖುಷಿ. ನನಗೆ ಆಯಿಯನ್ನು ತಬ್ಬಿಕೊಳ್ಳಬೇಕೆನಿಸಿತು. ತಬ್ಬಿಕೊಂಡೆ ಕೂಡ. ಬತ್ತಿಯ ಎಣ್ಣೆ ನನ್ನ ಸೀರೆಗೂ ಆಯಿತು.

ಆಯಿ ದೀಪ ಹಚ್ಚಿದರು. ಎಲ್ಲರೂ ಕೈಮುಗಿದೆವು. ಕೊನೆಯ ಗಿರಾಕಿ ಹೋದ ಮೇಲೆ ಮಹಾದೇವಿ ಎಲ್ಲ ಕಿಟಕಿಗಳನ್ನೂ ಮುಚ್ಚಿದಳು (ಗೋಡೆಯವೂ ಹೌದು, ಪರದೆಯವೂ ಹೌದು) ಮತ್ತು ಹೊಸದಾಗಿ ಬ್ಯಾಕಪ್ ಹಚ್ಚಿದಳು. ಖಾಜಾಭಾಯ್ ತಂದ ಚಹಾ ಇನ್ನೂ ಬಿಸಿ ಇರುವಾಗಲೇ ಮುಗಿಯಿತು.

ಡಾಕ್ಟರಿಗೆ ಮೊದಲೇ ಫೋನ್ ಮಾಡಿ, ಮನೆಗೆ ಹೋಗುವ ಮುಂಚೆ ಇಲ್ಲಿಗೆ ಬನ್ನಿ ಎಂದಿದ್ದೆ. ಬಂದರು. ಒಳಗೆ ಕಾಲಿಟ್ಟವರಿಗೆ ಕಂಡದ್ದು: ತಾಯಿ ಉಡಿಯಲ್ಲಿ ಹಾರ್ಡ್‌ಡಿಸ್ಕ್ ಇಟ್ಟುಕೊಂಡು ಕೂತಿದ್ದಾರೆ, ಮೂಲೆಯಲ್ಲಿ ಮಹಾದೇವಿ ಸೆರಗು ಹಿಡಿದು ನಿಂತಿದ್ದಾಳೆ.

ನಡೆದದ್ದನ್ನು ನಾನು ಹೇಳಿದೆ. ಮಧ್ಯೆ ಮಧ್ಯೆ ಆಯಿ ತಿದ್ದಿದರು. ಡಾಕ್ಟರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಇದನ್ನ ನನಗ ಯಾಕ ಹೇಳ್ಲಿಲ್ಲ?" ಎಂದು ಮಹಾದೇವಿಯನ್ನು ಕೇಳಿದರು. ಧ್ವನಿಯಲ್ಲಿ ಗುರುವಾರದ ಹರಿತ ಇರಲಿಲ್ಲ.

ಮಹಾದೇವಿ ನೆಲ ನೋಡಿದಳು. "ಹ್ಯಾಂಗ ಹೇಳ್ಲಿರಿ ಸಾಹೇಬ್ರ? ಹಿಂಗ ಮಾಡಾಕ ಆಯಿ ಹೇಳ್ಯಾರ ಅಂದ್ರ, ಮಗನ ಮುಂದ ತಾಯಿ ಮ್ಯಾಲ ಚಾಡಿ ಹೇಳ್ದಂಗ ಆಗ್ತಿತ್ತು."

ಕೆಲಸ ಹೋದರೂ ಚಿಂತೆಯಿಲ್ಲ, ಆ ಮಾತು ತನ್ನ ಬಾಯಿಂದ ಬರಬಾರದು! ಆಯಿಗಂತೂ ಇವಳ ಕೆಲಸಕ್ಕೆ ಸಂಚಕಾರ ಬಂದಿದೆ ಎಂಬುದೇ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಮಗನ ಕಡೆ ತಿರುಗಿದ ಅವರ ನೋಟವನ್ನು ನಾನು ಇಲ್ಲಿ ಬರೆಯಲಾರೆ. ಡಾಕ್ಟರು ಅಲ್ಲೇ ಮೊಬೈಲ್ ತೆಗೆದು, ಮಾತು ಕೊಟ್ಟಿದ್ದ ಆ ಇನ್ನೊಬ್ಬ ಹುಡುಗಿಗೆ ಫೋನ್ ಮಾಡಿ, ಯಾದಗಿರಿ ಶಾಖೆಗೆ ಬಾರವ್ವಾ, ಅಲ್ಲೂ ಕೈ ಬೇಕಾಗ್ಯಾವ ಎಂದರು. ಮಹಾದೇವಿಗೆ, ಸೋಮವಾರವೂ ಹೊತ್ತಿಗೆ ಸರಿಯಾಗಿ ಬಾ ಎಂದರು. ಕ್ಷಮೆ ಎಂಬ ಪದ ಅವರ ಬಾಯಿಂದ ಬರಲಿಲ್ಲ. ಆದರೆ ಕೊನೆಯ ಸುರಪುರ ಬಸ್ ತಪ್ಪೀತೆಂದು ತಾವೇ ಕಾರಿನಲ್ಲಿ ಅವಳನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಂದರು.

ಶನಿವಾರ ಡಾಕ್ಟರು ಯಾದಗಿರಿಗೆ ತಂದ ಡಿಸ್ಕಿನಿಂದ ಆ ಶುಕ್ರವಾರದ ಫೈಲನ್ನು ನನ್ನ ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. ತೆರೆಯಿತು. ಹೆಸರಿದ್ದವರಿಗೆಲ್ಲ ಶುಗರ್ ಇತ್ತು, ಶುಗರ್ ಇದ್ದವರಿಗೆಲ್ಲ ಹೆಸರಿತ್ತು. ಅದಾದ ಮೇಲೆ ಈ ಮಂಗಳವಾರದ್ದೂ ತೆರೆಯಿತು. ಎಷ್ಟೋ ದಿನದ ಮೇಲೆ ಹಾಯಾಗಿ ಉಸಿರು ಬಿಟ್ಟೆ. ಮನೆಯವರಿಗೆ ಅಂದು ಸೀಯದ ರೊಟ್ಟಿ ಸಿಕ್ಕಿತು.

ಆ ಸಂಜೆ ಹೊರಡುವಾಗಿನ ಒಂದು ಮಾತು ಹೇಳದೆ ಮುಗಿಸಲಾರೆ. ಆಯಿ ಆಟೊ ಹತ್ತಿ, ಡಿಸ್ಕನ್ನು ಉಡಿಯಲ್ಲಿ ಸರಿಮಾಡಿಕೊಂಡು, ಮಗನನ್ನು ಹತ್ತಿರ ಕರೆದರು.

"ತಮ್ಮಾ, ಇನ್ನ ಮ್ಯಾಲೆ ಇದು ಕೆಟ್ರ, ಆ ಹುಡುಗಿನ್ನ ತಗೀಬ್ಯಾಡ. ನನ್ನ ತಗಿ."

ಆಟೊ ಹೋಯಿತು.

ಅಂದಿನಿಂದ ಒಂದೇ ಪ್ರಶ್ನೆ ನನ್ನನ್ನು ಕೊರೆಯುತ್ತಿದೆ: ಕೆಲಸ ಕೆಟ್ಟಾಗ ನಾವು ಹುಡುಕುವುದು ಅದು ಕೆಟ್ಟ ಕಾರಣವನ್ನೋ, ತೆಗೆದುಹಾಕಲು ಸುಲಭವಾದವರನ್ನೋ?